ಕಡಲಿನ ಕಂಬಳಿ
ದೊಡ್ಡ ತೊರಕೆಗಳ ಬಾಳುವೆಯೂ ನಮ್ಮ ಲೆಕ್ಕಾಚಾರವೂ

೨೦೨೦ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಮಲ್ಪೆಯ ಬಂದರಕ್ಕೆ ಎರಡು ಭಾರೀ ತೊರಕೆಗಳು ಬಂದವು. ದೊಡ್ಡದರ ತೂಕ ೭೫೦ ಕಿಲೋ, ಸಣ್ಣದರ ತೂಕ ೨೫೦ ಕಿಲೋ. ಆಳುಗಳು ಹೊತ್ತು ಇಳಿಸುವ ಮಾತು ಹಾಗಿರಲಿ, ಕ್ರೇನನ್ನೇ ತಂದು ಎತ್ತಬೇಕಾಯಿತು. ಮಹಾಮಾರಿಯ ದೆಸೆಯಿಂದ ತಿಂಗಳುಗಟ್ಟಲೆ ಮುಚ್ಚಿದ್ದ ಮುಂಬಯಿಯ ಹೋಟೆಲುಗಳು ಆಗ ತಾನೇ ಅರ್ಧ ಗಿರಾಕಿಗಳೊಡನೆ ಬಾಗಿಲು ತೆರೆದಿದ್ದ ಕಾಲವದು. ಊರಿನಿಂದ ಬಂದ ಆ ಮೀನಿನ ಚಿತ್ರವು ಒಂದೇ ದಿನದಲ್ಲಿ ನಮ್ಮವರೆಲ್ಲರ ಮೊಬೈಲುಗಳಲ್ಲಿ ಸುತ್ತಾಡಿತು.

ಕಾಂದಿವಲಿಯ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಬೈಂದೂರಿನ ಕಡೆಯ ಹುಡುಗನೊಬ್ಬನು ಅಂದು ಸಂಜೆ ನಮ್ಮ ಕಚೇರಿಗೆ ಬಂದು ಆ ಚಿತ್ರವನ್ನು ನಮ್ಮ ಮುಂದೆ ಹಿಡಿದನು. ನಾವು ಹೋಟೆಲು ಬಿಟ್ಟು ಪತ್ರಿಕೆಗೆ ಬಂದು ಕೆಲವು ವರ್ಷಗಳಾಗಿದ್ದರೂ ಅವನ ಬಾಯಲ್ಲಿ ನಾವು ಇನ್ನೂ 'ಧಣಿ'ಗಳೇ.

"ಧಣಿಗಳೇ, ಇದು ಮನುಷ್ಯನನ್ನೇ ನುಂಗುತ್ತದಂತೆ, ಹೌದೇ? ನಮ್ಮ ಅಜ್ಜ ದೋಣಿಗೆ ಹೋಗುತ್ತಿದ್ದವರು. ಅವರೂ ಹಾಗೆಯೇ ಹೇಳುತ್ತಿದ್ದರು."

ಅವನಿಗೆ ಅಂದು ಸರಿಯಾದ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಇಪ್ಪತ್ತು ವರ್ಷ ಮೀನಿನ ಊಟದ ಹೋಟೆಲು ನಡೆಸಿದವರು ತೊರಕೆಯ ಬಗ್ಗೆ ಅದರ ಕಿಲೋ ದರವೊಂದನ್ನು ಬಿಟ್ಟರೆ ಬೇರೇನನ್ನೂ ತಿಳಿದಿರಲಿಲ್ಲವೆಂಬುದು ನಮಗೇ ನಾಚಿಕೆಯೆನಿಸಿತು. ಆ ಮೇಲೆ ಓದಿ ಕೇಳಿ ತಿಳಿದ ಸಂಗತಿಗಳನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ.

ಹೆಸರು ಮತ್ತು ರೂಪ

ತುಳುನಾಡಿನಲ್ಲಿಯೂ ಕುಂದಾಪುರದ ಕಡೆಯಲ್ಲಿಯೂ ನಾವು ತೊರಕೆ ಎನ್ನುವ ಮೀನನ್ನು ಇಲ್ಲಿಯ ಕೋಳಿ ಜನರು ಪಾಕಟ ಎಂದು ಕರೆಯುತ್ತಾರೆ. ಕಾಂದಿವಲಿಯ ಪೇಟೆಯಲ್ಲಿ ಮೀನು ಮಾರುವ ಮೌಶಿಯರ ಬುಟ್ಟಿಯಲ್ಲಿ ಚಪ್ಪಟೆಯಾಗಿ, ಬಾಲ ಕತ್ತರಿಸಿಕೊಂಡು ಬಿದ್ದಿರುವುದು ಇದೇ. ತೊರಕೆಯ ಕುಲದಲ್ಲಿ ಜಗತ್ತಿನಾದ್ಯಂತ ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಇವೆಲ್ಲವೂ ಶಾರ್ಕಿನ ದಾಯಾದಿಗಳು. ಮೈಯಲ್ಲಿ ಒಂದು ಮೂಳೆಯೂ ಇಲ್ಲ. ನಮ್ಮ ಕಿವಿಯ ಆಲಿಕೆಯಲ್ಲಿರುವಂಥ ಮೃದ್ವಸ್ಥಿಯಿಂದಲೇ ಅವುಗಳ ಒಡಲು ಕಟ್ಟಲ್ಪಟ್ಟಿದೆ.

ಮಲ್ಪೆಗೆ ಬಂದದ್ದು ಈ ಕುಲದ ಹಿರಿಯಣ್ಣ, ಮ್ಯಾಂಟಾ ಎಂಬ ಕೊಂಬಿನ ತೊರಕೆ. ಮ್ಯಾಂಟಾ ಎಂದರೆ ಸ್ಪ್ಯಾನಿಶ್ ಭಾಷೆಯಲ್ಲಿ ಕಂಬಳಿ. ನೀರಿನೊಳಗೆ ಅಗಲವಾದ ರೆಕ್ಕೆಗಳನ್ನು ಬೀಸುತ್ತ ಬರುವಾಗ ಯಾರೋ ಕರಿಯ ಕಂಬಳಿಯನ್ನು ಕೊಡವಿದಂತೆ ಕಾಣುವುದರಿಂದ ಈ ಹೆಸರು ಬಂದಿದೆ. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಏಳು ಮೀಟರಿನವರೆಗೂ ಬೆಳೆಯಬಲ್ಲದು. ತೂಕ ಎರಡು ಟನ್ನಿನವರೆಗೆ ಹೋಗಬಹುದು. ನಮ್ಮ ಹುಡುಗರು ಐದಾರು ಮಂದಿ ಸೇರಿ ಮಲಗುವ ಖೋಲಿಯೊಳಗೆ ಪೂರ್ಣವಾಗಿ ಬೆಳೆದ ಮ್ಯಾಂಟಾ ರೆಕ್ಕೆ ಬಿಚ್ಚಲಾರದು.

ತಲೆಯ ಎರಡೂ ಪಕ್ಕಗಳಲ್ಲಿ ಮುಂದಕ್ಕೆ ಚಾಚಿದ ಎರಡು ಹಾಳೆಗಳಿವೆ. ಸುರುಳಿ ಸುತ್ತಿದಾಗ ಅವು ಕೊಂಬಿನಂತೆ ತೋರುತ್ತವೆ. ಇದನ್ನು ಕಂಡೇ ಹಿಂದಿನ ಆಂಗ್ಲ ನಾವಿಕರು ಈ ಪ್ರಾಣಿಗೆ ಪಿಶಾಚಿ ಮೀನು ಎಂದು ಹೆಸರಿಟ್ಟು, ಲಂಗರನ್ನು ಹಿಡಿದೆಳೆದು ಹಡಗು ಮುಳುಗಿಸುವುದೆಂದು ಕಥೆ ಕಟ್ಟಿದರು. ತಮಿಳು ಕರಾವಳಿಯವರು ಹೆದರಿಕೆಗೆ ಹೋಗದೆ ಕಂಡದ್ದನ್ನೇ ಹೇಳಿ 'ಕೊಂಬು ತಿರುಕ್ಕೈ' ಎಂದು ಸುಮ್ಮನಾದರು.

೨೦೦೯ರವರೆಗೂ ಮ್ಯಾಂಟಾ ಒಂದೇ ಜಾತಿಯೆಂದು ತಿಳಿಯಲಾಗಿತ್ತು. ಆ ವರ್ಷ ವಿಜ್ಞಾನಿಗಳು ತೆರೆದ ಕಡಲಿನ ದೊಡ್ಡ ಮ್ಯಾಂಟಾ ಬೇರೆ, ಹವಳದ ದಿಬ್ಬಗಳ ಸುತ್ತ ಇರುವ ಸ್ವಲ್ಪ ಚಿಕ್ಕ ಮ್ಯಾಂಟಾ ಬೇರೆ ಎಂದು ತೋರಿಸಿಕೊಟ್ಟರು. ೨೦೨೫ರಲ್ಲಿ ಅಟ್ಲಾಂಟಿಕ್ ಸಾಗರದ ಮೂರನೆಯ ಜಾತಿಯೊಂದಕ್ಕೂ ಹೆಸರಿಡಲಾಯಿತು. ಇಷ್ಟು ದೊಡ್ಡ ಪ್ರಾಣಿಯ ಗುರುತು ಹಿಡಿಯುವುದಕ್ಕೇ ಮನುಷ್ಯನಿಗೆ ಇಷ್ಟು ಕಾಲ ಬೇಕಾಯಿತು.

ಬಂಗುಡೆಯ ಪಂಕ್ತಿಯಲ್ಲಿ ಊಟ

ಹಾಗಾದರೆ ಈ ದೈತ್ಯನು ತಿನ್ನುವುದೇನು? ಮನುಷ್ಯನನ್ನಂತೂ ಅಲ್ಲ. ಬರಿಗಣ್ಣಿಗೆ ಕಂಡೂ ಕಾಣದಂಥ ಸೂಕ್ಷ್ಮ ಸಿಗಡಿಗಳು, ಮೀನಿನ ತತ್ತಿಗಳು, ನೀರಿನಲ್ಲಿ ತೇಲುವ ಹುಳುಹುಪ್ಪಟೆಗಳು, ಇವೇ ಅದರ ಆಹಾರ. ನಮ್ಮ ಬಂಗುಡೆ ತಿನ್ನುವುದೂ ಬಹುಮಟ್ಟಿಗೆ ಇದನ್ನೇ. ಒಂದು ಗೇಣಿನ ಬಂಗುಡೆಯೂ ಏಳು ಮೀಟರಿನ ಮ್ಯಾಂಟಾವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವು ಎಂದರೆ ವಾಚಕರು ನಂಬಲಿಕ್ಕಿಲ್ಲ, ಆದರೆ ನಿಜ.

ಊಟದ ಹೊತ್ತಿಗೆ ಮ್ಯಾಂಟಾ ತನ್ನ ಕೊಂಬಿನ ಹಾಳೆಗಳನ್ನು ಬಿಚ್ಚಿ, ಮೊರದಂತೆ ಹಿಡಿದು, ನೀರನ್ನು ಬಾಯೊಳಗೆ ತಿರುಗಿಸಿಕೊಳ್ಳುತ್ತದೆ. ನೀರು ಕಿವಿರುಗಳ ಮೂಲಕ ಹೊರಗೆ ಹೋಗುತ್ತದೆ, ಆಹಾರ ಒಳಗೆ ಉಳಿಯುತ್ತದೆ. ಇಲ್ಲೊಂದು ಜಾಣತನವಿದೆ. ನಮ್ಮ ಅಡುಗೆಮನೆಯಲ್ಲಿ ಚಹ ಸೋಸುವ ಜಾಲರಿ ನಾಲ್ಕು ಪಾತ್ರೆ ಸೋಸುವುದರೊಳಗೆ ಕಟ್ಟಿಕೊಳ್ಳುತ್ತದೆ. ಬಡಿದು ತೊಳೆಯದೆ ಕೆಲಸ ಸಾಗದು. ಮ್ಯಾಂಟಾದ ಕಿವಿರಿನ ಹಲ್ಲೆಗಳು ಹಾಗೆ ಕಟ್ಟಿಕೊಳ್ಳುವುದಿಲ್ಲ. ಆಹಾರದ ಕಣಗಳು ಅವುಗಳಿಗೆ ತಗಲಿ ಪುಟಿದು, ಗಂಟಲಿನ ಕಡೆಗೇ ಹಾರುತ್ತವೆ. ಇದರ ರಹಸ್ಯವನ್ನು ವಿಜ್ಞಾನಿಗಳು ೨೦೧೮ರಲ್ಲಿ ಪ್ರಕಟಿಸಿದರು.

ಮೀನುಗಳಲ್ಲೆಲ್ಲ ಅತಿ ದೊಡ್ಡ ಮಿದುಳು ಮ್ಯಾಂಟಾದ್ದೇ. ಹೊಟ್ಟೆಯ ಮೇಲಿನ ಕಪ್ಪು ಮಚ್ಚೆಗಳು ಒಂದರಂತೆ ಇನ್ನೊಂದಕ್ಕಿಲ್ಲ. ನಮ್ಮ ಬೆರಳಚ್ಚಿನಂತೆ ಅವುಗಳಿಂದಲೇ ಒಂದೊಂದನ್ನೂ ಗುರುತಿಸುತ್ತಾರೆ. ಹವಳದ ದಿಬ್ಬಗಳಲ್ಲಿ ಕೆಲವು ಗೊತ್ತಾದ ಜಾಗಗಳಿವೆ. ಅಲ್ಲಿಗೆ ಮ್ಯಾಂಟಾಗಳು ಬಂದು, ಕ್ಷೌರದಂಗಡಿಯಲ್ಲಿ ಸರದಿ ಕಾಯುವವರಂತೆ ನಿಧಾನವಾಗಿ ಸುತ್ತುತ್ತಿದ್ದರೆ, ಚಿಕ್ಕ ಮೀನುಗಳು ಅವುಗಳ ಮೈಮೇಲಿನ ಹೇನುಗಳನ್ನು ಹೆಕ್ಕಿ ತಿಂದು ಮೈ ಶುಚಿಮಾಡುತ್ತವೆ. ಆದರೆ ಈ ಪ್ರಾಣಿಗೆ ನಿಂತು ದಣಿವಾರಿಸಿಕೊಳ್ಳುವ ಭಾಗ್ಯವಿಲ್ಲ. ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು, ನೀರಿದ್ದರೆ ಮಾತ್ರ ಉಸಿರು. ಬಲೆಯಲ್ಲಿ ಸಿಕ್ಕಿ ನಿಂತಿತೆಂದರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ.

ಎಲ್ಲಿರುತ್ತದೆ?

ಕಾಂದಿವಲಿಯಿಂದ ಪಡುವಣಕ್ಕೆ ಚಾರ್‌ಕೋಪ್ ದಾಟಿ ಹೋದರೆ ಕಾಂಡ್ಲಾ ಕಾಡುಗಳೂ ಅದರಾಚೆ ಮನೋರಿಯ ಖಾಡಿಯೂ ಸಿಗುತ್ತವೆ. ರಜೆಯ ದಿನ ಮಾರ್ವೆಯಿಂದ ತರಿ ಹತ್ತಿ ಮನೋರಿಗೆ ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ಈ ಕೆಸರು ನೀರಿನಲ್ಲಿ ಸಣ್ಣ ತೊರಕೆಗಳು ಇರುತ್ತವೆಯೇ ಹೊರತು ಮ್ಯಾಂಟಾ ಬರುವುದಿಲ್ಲ. ಅದು ದೂರದ ಆಳ ಕಡಲಿನ ಸಂಚಾರಿ. ಮುಂಬಯಿಯ ಸಸೂನ್ ಡಾಕ್ ಮತ್ತು ಭಾವುಚಾ ಧಕ್ಕೆಗಳಿಗೆ ಬರುವ ಕೊಂಬಿನ ತೊರಕೆಗಳೂ ದೂರದಲ್ಲಿ ಬೀಸಿದ ಬಲೆಗಳಿಗೆ ಸಿಕ್ಕಿದವುಗಳೇ.

ಅದರ ಸಂಚಾರಕ್ಕೂ ನಮ್ಮ ಮಳೆಗಾಲಕ್ಕೂ ನಂಟಿದೆ. ನೈಋತ್ಯದ ಗಾಳಿ ಬೀಸತೊಡಗಿದಾಗ ಕೇರಳ ಕನ್ನಡ ಕರಾವಳಿಗಳ ಮೇಲ್ನೀರು ಸರಿದು, ಅಡಿಯ ತಣ್ಣನೆಯ ಸಾರವತ್ತಾದ ನೀರು ಮೇಲೆ ಬರುತ್ತದೆ. ಹೊಲಕ್ಕೆ ಗೊಬ್ಬರ ಬಿದ್ದಂತೆ ಕಡಲಿನಲ್ಲಿ ಸೂಕ್ಷ್ಮಜೀವಿಗಳ ಬೆಳೆ ಬರುತ್ತದೆ. ಬೂತಾಯಿ ಬಂಗುಡೆಗಳ ಸುಗ್ಗಿಗೆ ಇದೇ ಮೂಲ. ಲಕ್ಷದ್ವೀಪದ ಕೆಳಗಿರುವ ಮಾಲ್ದೀವಿನಲ್ಲಿ ಹನಿಫಾರು ಎಂಬ ಪುಟ್ಟ ಕೊಲ್ಲಿಯಿದೆ. ಅದೇ ಮಳೆಗಾಲದಲ್ಲಿ ಅಲ್ಲಿ ಈ ಬೆಳೆ ತುಂಬಿಕೊಂಡಾಗ ಹವಳದಿಬ್ಬದ ಮ್ಯಾಂಟಾಗಳು ಒಮ್ಮೊಮ್ಮೆ ನೂರರ ಲೆಕ್ಕದಲ್ಲಿ ಬಂದು ನೆರೆಯುತ್ತವೆ. ಊಟಕ್ಕಾಗಿ ಅವು ಅಗಾಧವಾದ ಆಳಕ್ಕೂ ಇಳಿಯಬಲ್ಲವು. ಹವಳದಿಬ್ಬದ ಮ್ಯಾಂಟಾವೊಂದು ೬೭೨ ಮೀಟರು ಆಳಕ್ಕೆ ಮುಳುಗಿದ್ದು ದಾಖಲಾಗಿದೆ.

ಮುಳ್ಳಿನ ತೊರಕೆ ಬೇರೆ

'ತೊರಕೆಗೆ ವಿಷದ ಮುಳ್ಳಿಲ್ಲವೇ?' ಎಂದು ವಾಚಕರು ಕೇಳಬಹುದು. ಇದೆ, ಆದರೆ ಅದು ತಳದ ತೊರಕೆಗಳಿಗೆ. ಅವು ಕೆಸರಿನಲ್ಲಿ ಹುದುಗಿ ಮಲಗುತ್ತವೆ. ಬಾಯಿ ಹೊಟ್ಟೆಯ ಕೆಳಗಿರುವುದರಿಂದ ಕಣ್ಣಿನ ಹಿಂದಿನ ರಂಧ್ರಗಳಿಂದ ನೀರೆಳೆದು ಉಸಿರಾಡುತ್ತವೆ. ಬಾಲದ ಮೇಲೆ ಗರಗಸದಂಥ ವಿಷದ ಮುಳ್ಳಿದೆ. ತಾವಾಗಿ ಯಾರ ಮೈಮೇಲೂ ಬರುವವಲ್ಲ. ತುಳಿದರೆ ಮಾತ್ರ ಬಾಲ ಬೀಸುತ್ತವೆ. ಆಸ್ಟ್ರೇಲಿಯದ ಪ್ರಾಣಿಪ್ರಿಯ ಸ್ಟೀವ್ ಇರ್ವಿನ್‌ನು ೨೦೦೬ರಲ್ಲಿ ಮೃತನಾದದ್ದು ಇಂಥ ತೊರಕೆಯ ಮುಳ್ಳು ಎದೆಗೆ ನಾಟಿ. ಮ್ಯಾಂಟಾದ ಬಾಯಿ ತಲೆಯ ಮುಂತುದಿಯಲ್ಲಿದೆ. ಅದು ಕೆಸರಿನಲ್ಲಿ ಮಲಗುವುದೂ ಇಲ್ಲ, ಅದರ ಬಾಲಕ್ಕೆ ಚುಚ್ಚುವ ಮುಳ್ಳೂ ಇಲ್ಲ.

ಮುಂಬಯಿಯ ನಾವು ೨೦೧೩ರ ಗಣೇಶೋತ್ಸವವನ್ನು ಮರೆಯುವಂತಿಲ್ಲ. ಆ ಸೆಪ್ಟೆಂಬರಿನಲ್ಲಿ ಒಂದೂವರೆ ದಿನದ ಗಣಪತಿಯ ವಿಸರ್ಜನೆಗೆಂದು ಗಿರಗಾಂವ್ ಚೌಪಾಟಿಯ ನೀರಿಗಿಳಿದ ಹತ್ತಾರು ಮಂದಿಯ ಕಾಲಿಗೆ ತೊರಕೆಯ ಮುಳ್ಳು ಚುಚ್ಚಿ, ಆಸ್ಪತ್ರೆಗೆ ಸೇರಬೇಕಾಯಿತು. ಗಣಪತಿಯನ್ನು ಬಿಡಲು ಹೋಗುವ ನಮ್ಮ ಹುಡುಗರು ಎರಡು ಮಾತು ನೆನಪಿಡಬೇಕು. ನೀರಿನಲ್ಲಿ ಹೆಜ್ಜೆ ಎತ್ತಿಡದೆ ಪಾದವನ್ನು ನೆಲಕ್ಕೆ ಉಜ್ಜುತ್ತ ನಡೆದರೆ ತೊರಕೆ ಸದ್ದು ತಿಳಿದು ತಾನೇ ಸರಿದುಹೋಗುತ್ತದೆ. ಚುಚ್ಚಿದರೆ, ಗಾಯವನ್ನು ತಾಳಬಹುದಾದಷ್ಟು ಬಿಸಿಯ, ಆದರೆ ಚರ್ಮ ಸುಡದ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಮುಳುಗಿಸಿಡಬೇಕು. ಆ ವಿಷ ಕಾವಿಗೆ ಕೆಡುವಂಥದು, ನೋವು ಇಳಿಯುತ್ತದೆ. ಆ ಮೇಲೆ ವೈದ್ಯರಲ್ಲಿಗೆ ಹೋಗಲೇಬೇಕು. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ನಾಟಿದ ಮುಳ್ಳನ್ನು ಮಾತ್ರ ತಾವೇ ಕೀಳಬಾರದು. ನೆಟ್ಟಗೆ ಆಸ್ಪತ್ರೆಗೇ ಒಯ್ಯಬೇಕು.

ಧಕ್ಕೆಯಲ್ಲಿ ಕಂಡದ್ದು

ಈಗ ನಮ್ಮ ಸ್ವಂತದ ಒಂದು ಮಾತು. ಹೋಟೆಲಿನಲ್ಲಿ ಸುರಮಯಿ ಪಾಪ್ಲೆಟುಗಳ ದರ ಕೈಗೆ ಸಿಗದಾದಾಗಲೆಲ್ಲ ನಾವು ತೊರಕೆಯ ಮೊರೆ ಹೋಗುತ್ತಿದ್ದೆವು. ತೊರಕೆಯ ಮಾಂಸದಲ್ಲಿ ಯೂರಿಯಾ ಎಂಬ ದ್ರವ್ಯವಿದೆ. ಉಪ್ಪುನೀರಿನಲ್ಲಿ ಮೈಯ ನೀರು ಸೋರಿಹೋಗದಂತೆ ಅದನ್ನು ಕಾಯುವುದೇ ಈ ಯೂರಿಯಾ. ಸತ್ತ ಮೇಲೆ ಅದು ಅಮೋನಿಯವಾಗಿ ಮೂಗಿಗೆ ಹೊಡೆಯುತ್ತದೆ. ಆ ವಾಸನೆಯನ್ನು ಮುರಿಯುವುದು ಹುಳಿ. ನಮ್ಮ ತಾಯಂದಿರು ರಸಾಯನಶಾಸ್ತ್ರ ಓದದೆಯೂ ತೊರಕೆಗೆ ಕೈತುಂಬ ಹುಣಿಸೆಯಿಟ್ಟು ಪುಳಿಮುಂಚಿ ಮಾಡಿದ್ದರ ಮರ್ಮವಿದು. ನಮ್ಮ ಭಟ್ಟಿಯ ಮೇಲೂ ಆ ಸಾರು ಅದೆಷ್ಟೋ ಸಲ ಕುದಿದಿದೆ. ಗಿರಾಕಿಗಳು ಹೊಗಳಿಯೂ ಇದ್ದಾರೆ.

ಒಂದು ದಿನ ಬೆಳಗಿನ ಜಾವ ಮೀನು ಕೊಳ್ಳಲು ಧಕ್ಕೆಗೆ ಹೋದಾಗ ದೊಡ್ಡದೊಂದು ಕೊಂಬಿನ ತೊರಕೆಯನ್ನು ಕಡಿಯುತ್ತಿದ್ದರು. ಹೊಟ್ಟೆ ಸೀಳಿದವನ ಕತ್ತಿ ತಟ್ಟನೆ ನಿಂತಿತು. ಒಳಗೆ ಮರಿಯೊಂದಿತ್ತು. ಸುರುಳಿ ಸುತ್ತಿದ ಚಾಪೆಯಂತೆ ರೆಕ್ಕೆಗಳನ್ನು ಮೈಗೆ ಮಡಚಿಕೊಂಡು, ಸರ್ವಾಂಗ ಸಂಪೂರ್ಣವಾಗಿ, ಇನ್ನೇನು ಹುಟ್ಟಲಿದ್ದ ಮರಿ. ಕಡಿಯುವವನು ಒಂದು ಕ್ಷಣ ಸುಮ್ಮನಿದ್ದು, ಅದನ್ನು ಪಕ್ಕಕ್ಕೆ ಸರಿಸಿ ತನ್ನ ಕೆಲಸ ಮುಂದುವರಿಸಿದನು. ನಾವೂ ನಮ್ಮ ಪಾಲಿನ ತುಂಡುಗಳನ್ನು ಕಟ್ಟಿಸಿಕೊಂಡು ಬಂದೆವು. ಎರಡನೆಯ ಮರಿಯೇಕೆ ಇರಲಿಲ್ಲವೆಂದು ಅಂದು ನಮಗೆ ಹೊಳೆಯಲಿಲ್ಲ. ಅದಕ್ಕೆ ಎರಡನೆಯದು ಇರುವುದು ತೀರ ಅಪರೂಪ ಎಂಬುದು ಆ ಮೇಲೆ ತಿಳಿಯಿತು.

ಅಸಲು ಮತ್ತು ಬಡ್ಡಿ

ಬಂಗುಡೆ ಒಂದೆರಡು ವರ್ಷದೊಳಗೆ ಬಲಿತು ಹತ್ತಾರು ಸಾವಿರ ತತ್ತಿ ಹಾಕುತ್ತದೆ. ಮ್ಯಾಂಟಾ ತತ್ತಿ ಹಾಕುವ ಮೀನಲ್ಲ. ತತ್ತಿ ಹೊಟ್ಟೆಯೊಳಗೇ ಒಡೆದು, ಗರ್ಭಕೋಶದಲ್ಲಿ ಒಸರುವ ಹಾಲಿನಂಥ ರಸವನ್ನು ಕುಡಿದು ಮರಿ ಬೆಳೆಯುತ್ತದೆ. ಬಸಿರು ಸುಮಾರು ಹನ್ನೆರಡು ತಿಂಗಳು, ನಮ್ಮ ಮನೆಯ ಹೆಣ್ಣುಮಕ್ಕಳಿಗಿಂತ ಮೂರು ತಿಂಗಳು ಹೆಚ್ಚು. ಒಂದು ಬಸಿರಿಗೆ ಸಾಮಾನ್ಯವಾಗಿ ಒಂದೇ ಮರಿ. ಒಂದು ಹೆರಿಗೆಯಿಂದ ಇನ್ನೊಂದಕ್ಕೆ ಎರಡರಿಂದ ಐದು ವರ್ಷಗಳ ಅಂತರ. ಹೆಣ್ಣು ಬಲಿಯುವುದಕ್ಕೇ ಎಂಟು ಹತ್ತು ವರ್ಷ ಬೇಕು. ನಲವತ್ತು ವರ್ಷ ಬಾಳಿದರೂ ಅದು ಹೆರುವ ಮರಿಗಳು ಹತ್ತು ಹದಿನೈದನ್ನು ದಾಟುವುದು ಕಷ್ಟ.

ಗಲ್ಲೆಯ ಮೇಲೆ ಕುಳಿತು ಲೆಕ್ಕ ಬರೆದವರಿಗೆ ಈ ಅಂಕಿಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂಗುಡೆಯ ಸುಗ್ಗಿಯು ಬ್ಯಾಂಕಿನಲ್ಲಿಟ್ಟ ಹಣದ ಬಡ್ಡಿ. ಹದವರಿತು ತಿಂದರೆ ವರ್ಷವೂ ಬರುತ್ತದೆ. ಮ್ಯಾಂಟಾ ಅಸಲು. ಅಸಲನ್ನೇ ತೆಗೆದು ಖರ್ಚು ಮಾಡಿದ ಹೋಟೆಲುಗಳು ಏನಾದವೆಂದು ನಾವೆಲ್ಲರೂ ಕಣ್ಣಾರೆ ನೋಡಿದ್ದೇವೆ.

ಈ ಅಸಲಿಗೆ ಕೈ ಹಾಕಿಸಿದ್ದು ಊಟದ ಆಸೆಯೊಂದೇ ಅಲ್ಲ. ಇದರ ಕಿವಿರಿನ ಹಲ್ಲೆಗಳನ್ನು ಒಣಗಿಸಿ ಚೀನಾ ದೇಶಕ್ಕೆ ಸಾಗಿಸುತ್ತಾರೆ. ಗುವಾಂಗ್‌ಝೌ ಪಟ್ಟಣ ಆ ವ್ಯಾಪಾರದ ಕೇಂದ್ರ. ನೀರು ಸೋಸುವ ಅಂಗವಾದ್ದರಿಂದ ಮನುಷ್ಯನ ಮೈಯ ಕಲ್ಮಷವನ್ನೂ ಸೋಸುವುದೆಂಬ ನಂಬಿಕೆಯಿಂದ ಅದನ್ನು ಕಷಾಯಕ್ಕೆ ಹಾಕುತ್ತಾರೆ. ಇದಕ್ಕೆ ವೈದ್ಯಶಾಸ್ತ್ರದ ಆಧಾರವಿಲ್ಲ. ಭಾರತ, ಶ್ರೀಲಂಕಾ, ಇಂಡೊನೇಶಿಯಗಳು ಈ ಮೀನು ಹೆಚ್ಚಾಗಿ ಬಲೆಗೆ ಬಿದ್ದ ದೇಶಗಳು. ನಮ್ಮ ಮೀನುಗಾರರಲ್ಲಿ ಬಹುಪಾಲು ಜನರು ಇದನ್ನೇ ಹುಡುಕಿಕೊಂಡು ಹೋಗುವವರಲ್ಲ. ಬೇರೆ ಮೀನಿಗೆ ಬೀಸಿದ ಬಲೆಗೆ ಇದು ತಾನೇ ಬಂದು ಬೀಳುತ್ತದೆ.

ಇದೇ ಕುಲದ ಗರಗಸ ಮೀನಿನ ಗತಿ ನಮ್ಮ ಕಣ್ಣೆದುರಿಗಿದೆ. ಉದ್ದನೆಯ ಮೂತಿಯ ಎರಡೂ ಅಂಚಿಗೆ ಹಲ್ಲುಳ್ಳ ಆ ಪ್ರಾಣಿ ಶಾರ್ಕಿನಂತೆ ಕಂಡರೂ ಜಾತಿಯಿಂದ ತೊರಕೆಯೇ. ಹಿಂದೆ ನಮ್ಮ ದೇಶದ ಎರಡೂ ಕರಾವಳಿಗಳಲ್ಲಿದ್ದ ಅದು ಈಗ ವರ್ಷಗಳಿಗೊಮ್ಮೆ ಎಲ್ಲಾದರೂ ಒಂದು ಸಿಕ್ಕಿದರೆ ಸುದ್ದಿಯಾಗುತ್ತದೆ. ೨೦೦೧ರಲ್ಲಿ ಕಾನೂನಿನ ರಕ್ಷಣೆ ಬಂದಿತಾದರೂ ಅಷ್ಟರೊಳಗೆ ಅಸಲು ಮುಗಿದುಹೋಗಿತ್ತು.

ತಡವಾಗಿ ಬಂದ ರಕ್ಷಣೆ

ವನ್ಯಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಗೆ ಮ್ಯಾಂಟಾಗಳು ೨೦೧೩ರಲ್ಲಿಯೂ, ಉಳಿದ ಕೊಂಬಿನ ತೊರಕೆಗಳು ೨೦೧೬ರಲ್ಲಿಯೂ ಸೇರಿದವು. ೨೦೨೫ರ ಕೊನೆಗೆ ಸಮರಕಂದದಲ್ಲಿ ನಡೆದ ಸಮ್ಮೇಳನವು ಇವುಗಳನ್ನು ಮೊದಲನೆಯ ಪಟ್ಟಿಗೆ ಏರಿಸಿತು. ದೇಶದಿಂದ ದೇಶಕ್ಕೆ ಇವುಗಳ ವ್ಯಾಪಾರ ಕೂಡದೆಂಬುದೇ ಅದರ ತಾತ್ಪರ್ಯ. ನಮ್ಮ ವನ್ಯಜೀವಿ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯು ಆ ಒಪ್ಪಂದದ ಪಟ್ಟಿಗಳನ್ನು ದೇಶದ ಕಾನೂನಿನೊಳಗೇ ತಂದಿತು. ೨೦೨೩ರ ಏಪ್ರಿಲ್ ೧ರಿಂದ ಅದು ಜಾರಿಗೆ ಬಂದಿದೆ.

ಕಾನೂನು ಒಂದು ಕಡೆಗಿರಲಿ, ಬಲೆ ಕತ್ತರಿಸಿ ಮೀನು ಬಿಡುವ ಬಡವನ ನಷ್ಟವನ್ನು ತುಂಬುವವರಾರು? ಈ ಪ್ರಶ್ನೆಗೆ ಮಹಾರಾಷ್ಟ್ರ ಸರಕಾರವು ೨೦೧೮ರಲ್ಲಿ ಒಂದು ಉತ್ತರ ಕಂಡುಕೊಂಡಿತು. ಸಂರಕ್ಷಿತ ಕಡಲಪ್ರಾಣಿಯನ್ನು ಬಿಡುಗಡೆ ಮಾಡಲು ಬಲೆ ಕತ್ತರಿಸಿದ ಮೀನುಗಾರನಿಗೆ ೨೫,೦೦೦ ರೂಪಾಯಿಯವರೆಗೆ ಪರಿಹಾರ ಕೊಡುವ ಯೋಜನೆಯದು. ಗುಜರಾತಿನಲ್ಲಿ ೨೦೦೪ರಲ್ಲಿ ಮೊರಾರಿ ಬಾಪು ಅವರು ತಿಮಿಂಗಿಲ ಶಾರ್ಕನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಹೇಳಿದ ಮೇಲೆ, ಅದನ್ನು ಕೊಲ್ಲುತ್ತಿದ್ದ ಮೀನುಗಾರರೇ ಬಲೆ ಕತ್ತರಿಸಿ ಬಿಡತೊಡಗಿದರು. ದಂಡದ ಭಯ ಮಾಡದ ಕೆಲಸವನ್ನು ಒಂದು ಮಾತು ಮಾಡಿತು. ಬಸಿರಿ ಮಗಳೆಂಬ ಮಾತು ನಮ್ಮ ಕೊಂಬಿನ ತೊರಕೆಗೆ ಅದಕ್ಕಿಂತಲೂ ಹೆಚ್ಚಾಗಿ ಒಪ್ಪುತ್ತದೆ.

ಮಾಲ್ದೀವಿನವರು ಇದನ್ನು ಲೆಕ್ಕದಿಂದಲೂ ಕಂಡುಕೊಂಡಿದ್ದಾರೆ. ಸತ್ತ ಮ್ಯಾಂಟಾ ಒಂದು ಸಲ ಮಾರಾಟವಾಗುತ್ತದೆ. ಬದುಕಿರುವ ಮ್ಯಾಂಟಾವನ್ನು ನೋಡಲು ಪ್ರವಾಸಿಗಳು ವರ್ಷವೂ ಹಣ ತೆತ್ತು ಬರುತ್ತಾರೆ. ೨೦೧೩ರ ಅಂದಾಜೊಂದರ ಪ್ರಕಾರ ಜನರು ಅದನ್ನು ನೋಡಲು ಬರುವ ಜಾಗದಲ್ಲಿ ಒಂದು ಮ್ಯಾಂಟಾ ತನ್ನ ಆಯುಷ್ಯದಲ್ಲಿ ತರಬಹುದಾದ ಆದಾಯ ಹತ್ತು ಲಕ್ಷ ಡಾಲರು. ಸತ್ತರೆ ಅದರ ಬೆಲೆ ಹೆಚ್ಚೆಂದರೆ ಐನೂರು ಡಾಲರು.

ನಮ್ಮಿಂದ ಆಗುವುದೇನು?

ನಾವು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು. ಕಡಲಿನ ಚಿಂತೆ ನಮಗೇತಕ್ಕೆ ಎನ್ನುವವರಿರಬಹುದು. ಆದರೆ ಈ ನಗರದ ಮೀನಿನ ಊಟದ ಹೋಟೆಲುಗಳಲ್ಲಿ ಎಷ್ಟೋ ನಮ್ಮವರ ಕೈಯಲ್ಲಿವೆ. ಬೆಳಿಗ್ಗೆ ಧಕ್ಕೆಗೆ ಹೋಗಿ ಮೀನು ಆರಿಸುವ ಕೈಗಳು ನಮ್ಮ ಹುಡುಗರವು. ದಲಾಲನು ಕೊಂಬಿನ ತೊರಕೆಯ ತುಂಡನ್ನು ಅಗ್ಗಕ್ಕೆ ಕೊಡಲು ಬಂದಾಗ 'ಬೇಡ, ಬಂಗುಡೆ ಕೊಡು' ಎಂದರೆ ಅಷ್ಟೇ ಸಾಕು. ಗಿರಾಕಿಯಿಲ್ಲದ ಸರಕನ್ನು ದಡಕ್ಕೆ ತರುವ ಶ್ರಮ ಯಾರೂ ಪಡುವುದಿಲ್ಲ. ಊರಿನಲ್ಲಿ ದೋಣಿಗೆ ಹೋಗುವ ಅಣ್ಣತಮ್ಮಂದಿರಿಗೆ ಫೋನು ಮಾಡುವಾಗ ಈ ಒಂದೇ ಮರಿಯ ಸಂಗತಿಯನ್ನೂ ಹೇಳಿದರೆ ಇನ್ನೂ ಒಳ್ಳೆಯದು.

ಆ ಬೈಂದೂರಿನ ಹುಡುಗನು ಕಳೆದ ವಾರ ಪುನಃ ಸಿಕ್ಕಿದ್ದನು. ನಾವು ಇಷ್ಟನ್ನೂ ಅವನಿಗೆ ಹೇಳಿದೆವು. ಅವನು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಧಣಿಗಳೇ, ಅದು ನಮ್ಮನ್ನು ನುಂಗುವುದಲ್ಲ, ನಾವೇ ಅದನ್ನು ನುಂಗಿದ್ದು" ಎಂದನು. ನಮ್ಮ ಹೋಟೆಲಿನ ಹಳೆಯ ಭಟ್ಟಿ ನೆನಪಾಗಿ, ಹೌದೆಂದು ತಲೆಯಾಡಿಸಿದೆವು.